ಕಳೆದು ಉಳಿದ ಸದ್ದು

"ಇನ್ನು ಮುಂದೆ ಈ ಮನೆಯೊಳಗೆ ಕುಗ್ಗಿಸಿದ ಸಂಗೀತಕ್ಕೆ ಪ್ರವೇಶವಿಲ್ಲ!"

ಆ ಭಾನುವಾರ ಬೆಳಗ್ಗೆ ಕಾಫಿ ಲೋಟವನ್ನು ರಾಜದಂಡದಂತೆ ಎತ್ತಿ ಹಿಡಿದು ನಾನು ಹೀಗೆಂದು ಘೋಷಿಸಿದೆ. ಅರ್ಧ ಕಾಫಿ ಅಂಗಿಯ ತೋಳಿನೊಳಗೆ ಇಳಿಯಿತು. ಆದರೂ ಗಾಂಭೀರ್ಯ ಬಿಡಲಿಲ್ಲ.

ನನ್ನ ಕಿವಿಯ ಬಗ್ಗೆ ಎರಡು ಮಾತು ಹೇಳಲೇಬೇಕು. ನಾನು ಲಿಫ್ಟ್ ತಪಾಸಣೆ ಮಾಡುವವನು. ಒಳಗೆ ಕಣ್ಣು ಮುಚ್ಚಿ ನಿಂತರೆ ಸಾಕು, ಹಗ್ಗ ಸವೆದಿದೆಯೋ ಬೇರಿಂಗ್ ಒಣಗಿದೆಯೋ ಥಟ್ಟನೆ ಹೇಳಿಬಿಡುತ್ತೇನೆ. ಆಫೀಸಿನಲ್ಲಿ ನನ್ನನ್ನು 'ಬಂಗಾರದ ಕಿವಿ' ಎಂದು ಕರೆಯುತ್ತಾರೆ. ಆ ಹೆಸರನ್ನು ಚಾಲ್ತಿಗೆ ತಂದವನು ನಾನೇ ಎಂಬುದು ಬೇರೆ ಮಾತು. ಇಂಥ ಕಿವಿಯ ಒಡೆಯ ಫೋನಿನ ಪುಟಾಣಿ ಫೈಲುಗಳಲ್ಲಿ ಹಾಡು ಕೇಳುವುದೇ? ಛೆ!

ಹೆಂಡತಿ ಮನೆಯಲ್ಲೇ ಬಟ್ಟೆ ಹೊಲಿಯುತ್ತಾಳೆ. ಹೊಲಿಯುವಾಗ ಬಾಯಿತುಂಬ ಗುಂಡುಪಿನ್ನು. ಆಗೆಲ್ಲ ಅವಳು ಹುಬ್ಬಿನಲ್ಲೇ ಬೈಯುತ್ತಾಳೆ. ಈಗ ಪಿನ್ನುಗಳನ್ನು ಒಂದೊಂದಾಗಿ ತೆಗೆದಿಟ್ಟಳು ಎಂದರೆ ವಿಷಯ ವಿಕೋಪಕ್ಕೆ ಹೋಗಿದೆ ಎಂದೇ ಅರ್ಥ.

"ಚಿಕ್ಕ ಫೈಲಿಗೇನಾಗಿದೆ? ಚೆನ್ನಾಗೇ ಕೇಳುತ್ತಲ್ಲ?"

"ಚಿಕ್ಕದು ಮಾಡುವಾಗ, ಇದು ಹೇಗೂ ಯಾರಿಗೂ ಕೇಳಿಸಲ್ಲ ಅಂತ ಒಂದಷ್ಟು ಸದ್ದನ್ನ ಕಿತ್ತು ಎಸೀತಾರೆ ಕಣೇ! ಏನನ್ನೂ ಕಳ್ಕೊಳ್ಳದ ಲಾಸ್‌ಲೆಸ್ ಫೈಲು ಹಾಗಲ್ಲ. ಬಟ್ಟೆ ಕತ್ತರಿಸದೆ ಬರೀ ಮಡಚಿಟ್ಟ ಹಾಗೆ. ಬಿಚ್ಚಿದ್ರೆ ಒಂದು ನೂಲೂ ಕಮ್ಮಿ ಇರಲ್ಲ. ಸಂಜೆಯೊಳಗೆ ಎಲ್ಲರ ಫೋನೂ ನನ್ನ ಟೇಬಲ್ ಮೇಲಿರ್ಬೇಕು. ಚಿಕ್ಕ ಫೈಲು ಒಂದೂ ಬಿಡದೆ ಅಳಿಸಿಹಾಕ್ತೀನಿ."

"ಅಪ್ಪನ ಫೋನೂನಾ?"

"ಮಾವನ ಫೋನೂ!"

ಕಳೆದ ವರ್ಷ ಅತ್ತೆ ತೀರಿಕೊಂಡ ಮೇಲೆ ಮಾವ ನಮ್ಮ ಜೊತೆಗೇ ಇದ್ದಾರೆ. ಕಿವಿ ಮಂದ, ಶ್ರವಣಯಂತ್ರವಿಲ್ಲದಿದ್ದರೆ ಗುಡುಗೂ ಕೇಳಿಸದು. ಆದರೆ ಈ ಮಾತು ಮಾತ್ರ ಅವರಿಗೆ ಸ್ಪಷ್ಟವಾಗಿ ಕೇಳಿಸಿತು. ಮುಖ ಬಿಳಿಚಿಕೊಂಡಿತು.

"ನನ್ನ ಫೋನು ಕಳೆದುಹೋಗಿದೆ," ಎಂದವರೇ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಹತ್ತು ನಿಮಿಷದ ಹಿಂದೆ ತಾನೇ ಅದರಲ್ಲಿ ಗಂಟೆ ನೋಡುತ್ತಿದ್ದರು!

ಮಧ್ಯಾಹ್ನ ಹೆಂಡತಿಗೆ ಜ್ಞಾನೋದಯ ಮಾಡಿಸಲು ಕೂರಿಸಿಕೊಂಡೆ. ಪರದೆ ಎಳೆದೆ. ಹೊರಗೆ ಮೋಡ ಕವಿದು ಬೀದಿಯಲ್ಲಿ ಒಂದು ನರಪಿಳ್ಳೆಯ ಸುಳಿವೂ ಇರಲಿಲ್ಲ. ನನ್ನ ಹೊಸ ಸ್ಪೀಕರುಗಳು ಗೋಡೆಗೆ ಬೆನ್ನು ಕೊಟ್ಟು ಕಪ್ಪಗೆ ನಿಂತಿದ್ದವು.

ಪರೀಕ್ಷೆ ಸರಳ. ಮೂಲ ಸಂಗೀತದಿಂದ ಫೈಲಿನ ಸಂಗೀತವನ್ನು ಕಳೆಯುವುದು. ಎರಡರಲ್ಲೂ ಇರುವುದೆಲ್ಲ ವಜಾ ಆಗಿ, ಫೈಲು ಎಸೆದದ್ದು ಮಾತ್ರ ಉಳಿಯುತ್ತದೆ. ಒಂದು ಕೊಳಲು ವಾದನ ತೆಗೆದುಕೊಂಡೆ. ಅದರಿಂದ ಚಿಕ್ಕ ಫೈಲನ್ನು ಕಳೆದು, ಉಳಿದದ್ದನ್ನು ಹಚ್ಚಿದೆ.

ಬಂದದ್ದು ಕೊಳಲಲ್ಲ, ಕೊಳಲಿನ ಪ್ರೇತ. ಸ್ವರವಿಲ್ಲ, ಬರೀ ಉಸಿರು. ಸ್ಸ್... ಹ್‌ಸ್ಸ್... ಯಾರೋ ಹಲ್ಲು ಕಚ್ಚಿಕೊಂಡು ಏನೋ ಹೇಳಲು ಒದ್ದಾಡುವ ಹಾಗೆ.

"ಆಫ್ ಮಾಡ್ರೀ," ಎಂದಳು ಹೆಂಡತಿ.

"ಇದೇ ನೋಡು, ನಿನ್ನ ಚಿಕ್ಕ ಫೈಲು ಎಸೆದ ಸದ್ದು!"

"ಎಸೆದದ್ದು ಎಲ್ಲಿಗೆ ಹೋಗುತ್ತೆ?"

"ಎಲ್ಲಿಗೂ ಹೋಗಲ್ಲ."

"ಹಾಗಾದ್ರೆ ಮನೇಲೇ ಇರುತ್ತಾ?"

ಉತ್ತರವಿಲ್ಲದಾಗ ದನಿ ಏರಿಸುವುದು ನನ್ನ ಹಳೆಯ ಅಭ್ಯಾಸ.

"ಈಗ ಲಾಸ್‌ಲೆಸ್ ಫೈಲು ಕಳೀತೀನಿ! ಅದು ಏನನ್ನೂ ಎಸೆದಿಲ್ಲ, ಹಾಗಾಗಿ ಏನೂ ಉಳಿಯಬಾರದು. ಸಂಪೂರ್ಣ ಮೌನ! ಕೇಳು!"

ಸದ್ದಿನ ಗುಂಡಿಯನ್ನು ಕೊನೆಯವರೆಗೆ ತಿರುಗಿಸಿದೆ. ಮೌನ. ಅಪ್ಪಟ ಮೌನ. ನಾನು ಎದೆಯುಬ್ಬಿಸಿ ಮೀಸೆ ತೀಡಿಕೊಂಡೆ.

"ರೀ... ಕಿಟಕಿ ಹಾಕಿದ್ರಾ? ಮಳೆ ಬರ್ತಾ ಇದೆ."

ಸ್ಪೀಕರುಗಳ ಕಡೆಯಿಂದಲೇ! ಒಂದು ಹೆಂಗಸಿನ ದನಿ, ಅದರ ಹಿಂದೆ ಒಂದು ಸಣ್ಣ ಏದುಸಿರು. ನನ್ನ ಹಾಳು ಕಿವಿಗೆ ಮೊದಲು ಹುಟ್ಟಿದ್ದು ಭಯವಲ್ಲ, ಹೆಮ್ಮೆ.

"ಆಹಾ! ಎಂಥ ಸ್ಪಷ್ಟತೆ! ಉಸಿರಾಡೋದೂ ಕೇಳಿಸ್ತು ನೋಡು! ಇದಪ್ಪಾ ಲಾಸ್‌ಲೆಸ್ ಅಂದ್ರೆ!"

ಹೆಂಡತಿ ಗೋಡೆಯನ್ನೇ ನೋಡುತ್ತಿದ್ದಳು.

"ಅದು ಅಮ್ಮ," ಎಂದಳು.

ಬಂಗಾರದ ಕಿವಿ ತಣ್ಣಗಾಯಿತು. ಹೌದು, ಅತ್ತೆಯೇ! ನಾನು ಹಾರಿ ಹೋಗಿ ಸ್ಪೀಕರಿನ ತಂತಿಯನ್ನು ಬೇರುಸಹಿತ ಕಿತ್ತೆ. ತಂತಿ ನನ್ನ ಕೈಯಲ್ಲೇ ಇತ್ತು.

"ರೀ... ಕಿಟಕಿ ಹಾಕಿದ್ರಾ? ಮಳೆ ಬರ್ತಾ ಇದೆ."

ಅದೇ ದನಿ, ಅದೇ ಏದುಸಿರು. ಹೊರಗೆ ಕಿಟಕಿಯ ಗಾಜಿನ ಮೇಲೆ ಟಪ್ ಎಂದು ಮೊದಲ ಹನಿ ಬಿತ್ತು. ಹೆಂಡತಿ ಎದ್ದು ಕಿಟಕಿ ಮುಚ್ಚಿದಳು.

"ಹಾಕಿದೀನಮ್ಮಾ," ಎಂದಳು ಗೋಡೆಗೆ, ತೀರಾ ಮೆತ್ತಗೆ.

"ರೀ... ಕಿಟಕಿ ಹಾಕಿದ್ರಾ?" ಎಂದಿತು ಗೋಡೆ.

"ನಿಮ್ಮಮ್ಮ ನಂಬ್ತಾ ಇಲ್ಲ ಕಣೇ," ಎಂದೆ. ಅದು ನನ್ನ ದನಿಯೇ ಎಂದು ಗುರುತಿಸಲು ನನಗೇ ಕಷ್ಟವಾಯಿತು.

ಕೊನೆಗೆ ಕೆಲಸದ ಅಭ್ಯಾಸವೇ ಕೈಹಿಡಿಯಿತು. ಗೋಡೆಗೆ ಕಿವಿ ಹಚ್ಚಿ, ಲಿಫ್ಟಿನ ಮೋಟಾರು ಹುಡುಕುವವನಂತೆ ಅಂಗುಲ ಅಂಗುಲವಾಗಿ ಸರಿದೆ. ದನಿ ಗೋಡೆಯ ಆಚೆ ಇತ್ತು. ಆಚೆ ಮಾವನ ಕೋಣೆ. ತಟ್ಟಿದೆ, ಉತ್ತರವಿಲ್ಲ. ಬಾಗಿಲು ತಳ್ಳಿದೆ.

ಮಬ್ಬಿನಲ್ಲಿ ಎರಡು ಕಾಲು ಕಂಡವು, ಬೆನ್ನು ಕಂಡಿತು. ತಲೆಯೇ ಇಲ್ಲ! ನಾನು ಕಿಟಾರನೆ ಕಿರುಚಿದ್ದಕ್ಕೆ ಎದುರು ಮನೆಯ ಬಾಗಿಲು ತೆರೆಯಿತಂತೆ. ಆದರೆ ಆ ಆಕೃತಿ ಮಾತ್ರ ಮಿಸುಕಲಿಲ್ಲ. ಹೆಂಡತಿ ದೀಪ ಹಾಕಿದಳು.

ಮಾವ, ಇಲ್ಲಿಗೆ ಬರುವಾಗ ಜೊತೆಗೇ ತಂದಿದ್ದ ಅತ್ತೆಯ ಬಟ್ಟೆಯ ಕಪಾಟಿನೊಳಗೆ ಕುತ್ತಿಗೆಯವರೆಗೂ ತಲೆ ತೂರಿಸಿ ನಿಂತಿದ್ದರು. ಶ್ರವಣಯಂತ್ರ ಮೇಜಿನ ಮೇಲಿತ್ತು, ಫೋನಿನ ಹತ್ತಿರ ತಂದರೆ ಅದು ಕುಯ್ಯೆನ್ನುತ್ತದೆ. ಹಾಗಾಗಿ ಫೋನಿನ ಸದ್ದನ್ನು ಪೂರ್ತಿ ಏರಿಸಿ, ಕಿವಿಗೆ ಒತ್ತಿಕೊಂಡು, ಯಾರಿಗೂ ಗೊತ್ತಾಗದಂತೆ ಗುಟ್ಟಾಗಿ ಕೇಳುತ್ತಿದ್ದರು! ಅತ್ತೆ ಎಂದೋ ಅಂಗಡಿಯಿಂದ ಕಳಿಸಿದ್ದ ಧ್ವನಿಸಂದೇಶ. ಅತ್ತೆಯ ದನಿ ಈ ಭೂಮಿಯ ಮೇಲೆ ಉಳಿದಿದ್ದದ್ದು ಅದೊಂದೇ. ಫೈಲು ಎಷ್ಟು ಚಿಕ್ಕದೆಂದರೆ ನನ್ನ ಶತ್ರುಗಳಲ್ಲೇ ಅತಿ ಕುಬ್ಜ.

ಮಗಳ ಕೈ ಹೆಗಲಿಗೆ ತಾಗಿದಾಗ ಮಾವ ತಿರುಗಿದರು. ನನ್ನನ್ನು ಕಂಡು ಫೋನನ್ನು ಬೆನ್ನ ಹಿಂದೆ ಅಡಗಿಸಿಕೊಂಡರು.

"ಅಳಿಯಂದಿರೇ, ಇದೊಂದು ಬಿಟ್ಟುಬಿಡಿ. ಬೇರೆ ಎಲ್ಲಾ ಅಳಿಸಿ."

ನನಗೆ ನಾಚಿಕೆಯಾಯಿತು. ಭೂಮಿ ಬಾಯ್ಬಿಡಬಾರದೇ ಎನ್ನಿಸುವಷ್ಟು ನಾಚಿಕೆ. ಪ್ರಾಯಶ್ಚಿತ್ತಕ್ಕೆಂದು ಮಾವನನ್ನು ಹಾಲಿಗೆ ಕರೆತಂದು, ಕಿತ್ತ ತಂತಿ ಜೋಡಿಸಿ, ಆ ಸಂದೇಶವನ್ನು ನನ್ನ ಮಹಾ ಸ್ಪೀಕರುಗಳಲ್ಲೇ ಹಚ್ಚಿದೆ. ಅವರು ಶ್ರವಣಯಂತ್ರ ಸಿಕ್ಕಿಸಿಕೊಂಡು ಕಣ್ಣು ಮುಚ್ಚಿ ಕೇಳಿದರು.

"ಹೇಗಿದೆ ಮಾವ?"

ಸಂಕೋಚದಿಂದ ತಲೆ ಕೆರೆದುಕೊಂಡರು. "ಪರವಾಗಿಲ್ಲ. ಆದ್ರೆ... ಕಪಾಟಿನಲ್ಲೇ ಚೆನ್ನಾಗಿದೆ."

ಇಲ್ಲಿಗೆ ಮುಗಿಯಬೇಕಿತ್ತು. ಮುಂದಿನ ಭಾನುವಾರ ಮಾವ ಫೋನನ್ನು ಜೇಬಿಗಿಟ್ಟುಕೊಂಡು ವಾಯುವಿಹಾರಕ್ಕೆ ಹೋದರು. ನಾನು ಹಾಲಿನಲ್ಲಿ ಒರಗಿ ಕೂತಿದ್ದೆ. ಸ್ಪೀಕರು ಆಫ್, ತಂತಿಯೂ ಹೊರಗೆ. ಮತ್ತೆ ಮೋಡ.

"ರೀ... ಕಿಟಕಿ ಹಾಕಿದ್ರಾ?"

ನನಗೆ ನಗು ಬಂತು. ಈ ಸಲ ಬಂಗಾರದ ಕಿವಿ ಮೋಸ ಹೋಗುವುದುಂಟೇ! ತಾಯಿಯ ದನಿ ಯಾವುದು, ಮಗಳ ದನಿ ಯಾವುದು, ಅಷ್ಟೂ ತಿಳಿಯದೇ?

"ಹಾಕ್ತೀನಿ ಇರೇ! ನಿಮ್ಮಮ್ಮನ ಥರಾನೇ ಕೂಗ್ತೀಯಲ್ಲ!" ಎಂದೆ.

ಹೊಲಿಗೆ ಯಂತ್ರ ನಿಂತಿತು. ಹೆಂಡತಿ ಬಾಗಿಲಲ್ಲಿ ಕಾಣಿಸಿಕೊಂಡಳು. ಹುಬ್ಬು ಪ್ರಶ್ನೆ ಕೇಳುತ್ತಿತ್ತು. ಬಾಯಿತುಂಬ ಗುಂಡುಪಿನ್ನು.

ನಾನು ಎದ್ದೆ. ಗೋಡೆಗೆ ಕಿವಿ ಹಚ್ಚಲಿಲ್ಲ, ಯಾವ ಪರೀಕ್ಷೆಯನ್ನೂ ಮಾಡಲಿಲ್ಲ. ನೆಟ್ಟಗೆ ಹೋಗಿ ಕಿಟಕಿ ಮುಚ್ಚಿ, ಚಿಲಕ ಹಾಕಿ, "ಹಾಕಿದೆ, ಅತ್ತೆ," ಎಂದೆ. ಅತ್ತೆ ಬದುಕಿದ್ದಾಗಲೂ ಅವರಿಂದ ಎರಡನೇ ಸಲ ಹೇಳಿಸಿಕೊಳ್ಳುವ ಧೈರ್ಯ ನನಗಿರಲಿಲ್ಲ!