ಬೀಗರ ಊಟಕ್ಕೆ ಹೋದ ಟರ್ಬೋ

ನನ್ನ ಮೊಮ್ಮಕ್ಕಳ ಮೊಮ್ಮಕ್ಕಳೂ ನನ್ನ ಡೀಸೆಲ್ ಜೀಪಿನಲ್ಲೇ ಓಡಾಡಬೇಕು ಎಂದು ಪ್ರತಿಜ್ಞೆ ಮಾಡಿದೆ! ಅದಕ್ಕೆ ಬೇಕಾದ ತಪಸ್ಸು ದೊಡ್ಡದೇನಲ್ಲ. ಓಡಿ ಬಂದ ಇಂಜಿನ್ನಿಗೆ ಗಾಳಿ ಊದುವ ಟರ್ಬೋ ಕುಲುಮೆಯ ಕಬ್ಬಿಣದಂತೆ ಕಾದಿರುತ್ತದೆ. ತಟ್ಟನೆ ಆಫ್ ಮಾಡಿದರೆ ಅದರೊಳಗೆ ಆಯಿಲ್ ಹರಿಯುವುದು ನಿಂತು, ಅಲ್ಲೇ ಸುಟ್ಟು ಕರಕಲಾಗುತ್ತದೆ. ಹಾಗಾಗಿ ಗಾಡಿ ನಿಲ್ಲಿಸಿದ ಮೇಲೂ ಎರಡು ನಿಮಿಷ ಇಂಜಿನ್ ಓಡುತ್ತಿರಬೇಕು. ನಾನು ಹತ್ತು ನಿಮಿಷ ಕೂರುತ್ತಿದ್ದೆ. ಪ್ರೀತಿ ಎಂದರೆ ಅದು!

ಮಗಳು ಗಗನಳ ಮದುವೆ ಮುಗಿದು, ಬೆಳಕವಾಡಿಯ ಗಂಡಿನ ಮನೆಯಲ್ಲಿ ಬೀಗರ ಊಟ. ದುದ್ದದಿಂದ ಹೊರಟ ನಾವು ತಲುಪುವಾಗ ಚಪ್ಪರದಲ್ಲಿ ಎಲೆ ಹಾಕಿಯಾಗಿತ್ತು. ಎದುರುಗೊಳ್ಳಲು ಬಂದ ಬೀಗರಾದ ದೊಡ್ಡಸಿದ್ದಯ್ಯನವರಿಗೆ ನನ್ನ ಹೆಂಡತಿ ಮಲ್ಲಿಗಮ್ಮ, "ಮಳವಳ್ಳಿಯಿಂದ ಕಬ್ಬಿನ ಗಾಡಿ ಹಿಂದ್ಗುಟ್ಟೆ ತೆವಳ್ಕಂಡ್ ಬಂದೋ ಕಣಣ್ಣ, ಅದ್ಕೇ ತಡ ಆಯ್ತು" ಎನ್ನುತ್ತ ಅವರ ಜೊತೆ ಒಳನಡೆದಳು. ನಾನು ಇಳಿಯಲಿಲ್ಲ.

ಬೀಗರ ಊಟಕ್ಕೆ ಬಂದ ಹೆಣ್ಣಿನ ಅಪ್ಪ, ಇಂಜಿನ್ ಆಫ್ ಮಾಡದೆ ಗಾಡಿಯಲ್ಲೇ ಕೂತರೆ ನಮ್ಮ ಕಡೆ ಅದಕ್ಕೆ ಒಂದೇ ಅರ್ಥ: ಮುನಿಸು! ಹಾಗೇ ಗಾಡಿ ತಿರುಗಿಸಿಕೊಂಡು ಹೋಗಿಬಿಟ್ಟರೆ, ಆ ಮನೆಯಲ್ಲಿ ಬಾಳಬೇಕಾದ ಮಗಳ ಗತಿ?

ಚಪ್ಪರದಲ್ಲಿ ಬಡಿಸಲು ಮುದ್ದೆ ಹಿಡಿದವರು ಹಿಡಿದೇ ನಿಂತರು. ನನ್ನ ಜೀಪಿನ ಸದ್ದು ಶಿವನಸಮುದ್ರದ ಜಲಪಾತದಂತೆ ಮೊರೆಯಿತು. ದೊಡ್ಡಸಿದ್ದಯ್ಯ ಬರಿಗಾಲಲ್ಲಿ ಓಡಿ ಬಂದರು. ಅವರ ಹಿಂದೆ ಅರ್ಧ ಬೆಳಕವಾಡಿ.

"ಇಳೀರಿ ಬೀಗ್ರೇ, ತೆಪ್ಪಾಯ್ತು!"

"ತೆಪ್ಪೇನಿಲ್ಲ ಬೀಗ್ರೇ. ಟರ್ಬೋ ಕಾದದೆ, ಆರ್ಲಿ ಅಂತ ಕುಂತಿವ್ನಿ."

"ನನ್ ಟ್ರ್ಯಾಕ್ಟ್ರಿಗೂ ಟರ್ಬೋ ಐತೆ ಬುಡಿ! ಕಬ್ಬಿನ ಗಾಡಿ ಹಿಂದೆ ತೆವಳ್ಕಂಡ್ ಬಂದ್ರೆ ಇಂಜಿನ್ನು ದಾರೀಲೇ ಆರಿ ಓಗಿರ್ತದೆ. ದಿಟ ಯೋಳಿ, ಯಾತಕ್ಕೆ ಮುನ್ಸು?"

ಗಗನ ಕಣ್ಣೊರೆಸಿಕೊಳ್ಳುತ್ತ ಬಂದಳು. "ಅಪ್ಪ, ಮಾನ ಕಳೀಬ್ಯಾಡ, ಇಳಿ."

ಈಗ ನನಗಿದ್ದದ್ದು ಎರಡೇ ದಾರಿ. ಆರಿದ ಇಂಜಿನ್ ಆರಲೆಂದು ಕಾದ ಪೆದ್ದನಾಗಬೇಕು, ಇಲ್ಲವೇ ಮುನಿಸಿಕೊಂಡವನಾಗಬೇಕು. ಮುನಿಸಿಗಾದರೆ ಮದ್ದುಂಟು! ಇಂಜಿನ್ ಆಫ್ ಮಾಡಿ ಮಹಾರಾಜನಂತೆ ಇಳಿದೆ.

"ಊಂ ಬೀಗ್ರೇ. ಮುನ್ಸೇ."

"ಯಾತಕ್ಕೆ?"

ಕಾರಣವಿದ್ದರಲ್ಲವೇ ಹೇಳಲು! ಮಲ್ಲಿಗಮ್ಮ ಸೆರಗು ಸರಿಮಾಡಿಕೊಂಡು ಮುಂದೆ ಬಂದಳು.

"ಮದ್ವೇಲಿ ನೀವು ನಂಗೆ ಕೊಟ್ಟ ಸೀರೆ ರೇಸ್ಮೆದಲ್ವಂತೆ. ನಾನು ಬ್ಯಾಡ ಅಂದ್ರೂ ಕೇಳ್ದೆ ಕುಂತವ್ರೆ, ನೋಡಣ್ಣ!"

ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ ರೇಷ್ಮೆ ಸೀರೆ ಬಂತು. ಮಗಳು ನಕ್ಕಳು. ಚಪ್ಪರ ಮತ್ತೆ ಗಿಜಿಗುಟ್ಟಿತು. ಬೀಗರ ಕಡೆಯ ಹಿರಿಯರಿಗೆಲ್ಲ ಕೈಮುಗಿದು ಮುಗಿಸಿ ನಾನು ಪಂಕ್ತಿಗೆ ಕೂರುವ ಹೊತ್ತಿಗೆ ಮಲ್ಲಿಗಮ್ಮ ಎದುರು ಸಾಲಿನಲ್ಲಿ, ತೊಡೆಯ ಮೇಲೆ ಸೀರೆ ಇಟ್ಟುಕೊಂಡು, ತಲೆ ಎತ್ತದೆ ಬಾಡಿನ ನಲ್ಲಿ ಮೂಳೆ ಚೀಪುತ್ತಿದ್ದಳು. ಬಡಿಸುವವನು ನನ್ನ ಎಲೆಗೆ ಬರೀ ಅನ್ನ, ಸಾರು ಸುರಿದ.

"ಬಾಡೆಲ್ಲಪ್ಪಾ?"

"ಆಗೋಯ್ತು ಯಜಮಾನ್ರೇ. 'ಅವ್ರು ಮುನ್ಸ್ಕಂಡವ್ರೆ, ಉಣ್ಣಕಿಲ್ಲ, ಅವ್ರ ಪಾಲೂ ನಂಗೇ ಆಕ್ಬುಡು' ಅಂದ್ರು ಅಮ್ಮಾವ್ರು!"