ಸೋಲಲು ಹೋದ ಮೋಡಣ್ಣ

ತಳ ಹಿಡಿದ ಹಾಲಿನ ಪಾತ್ರೆಯನ್ನು ಮೋಡಣ್ಣ ನಲ್ಲಿಯ ಕೆಳಗೆ ಇಟ್ಟುಕೊಂಡು ತಿಕ್ಕುತ್ತಿದ್ದ. ಬೂದಿ ಹಾಕಿ ತಿಕ್ಕಿದ, ಉಪ್ಪು ಹಾಕಿ ತಿಕ್ಕಿದ, ಉಗುರಿನಿಂದ ಕೆರೆದ. ಪಾತ್ರೆ ಬೆಳ್ಳಗಾಗುವ ಬದಲು ಅವನ ಕೈ ಕಪ್ಪಾಯಿತು. ಮೆಟ್ಟಿಲ ಮೇಲೆ ನಿಂತ ಬಾಡಿಗೆ ಮನೆಯ ಯಜಮಾನಿ, "ನೀರು ಹಾಕಿ ನೆನೆಸಿಡಬೇಕು ಕಣಪ್ಪ, ಜಗಳಕ್ಕೆ ಬಿದ್ದವರ ಹಾಗೆ ತಿಕ್ಕಿದ್ರೆ ಹೋಗುತ್ತಾ ಅದು?" ಎನ್ನುತ್ತಿರುವಾಗಲೇ ಗೇಟಿನ ಹೊರಗೆ ಕಾರ್ಖಾನೆಯ ಜೀಪು ನಿಂತಿತು.

ಡ್ರೈವರ್ ಇಳಿಯಲಿಲ್ಲ, ಕೂತಲ್ಲಿಂದಲೇ ಕೂಗಿದ. "ಸಾಯಂಕಾಲ ನಾಲ್ಕಕ್ಕೆ ಮೇಡಂ ಮನೆಗೆ ಬರಬೇಕಂತೆ. ಶನಿವಾರದ ಆಟಕ್ಕೆ ಒಬ್ಬರು ಕಮ್ಮಿ. ಪೋಕರ್ ಬರುತ್ತೆ ತಾನೇ?"

'ಇಲ್ಲ' ಎಂಬ ಮಾತು ಮೋಡಣ್ಣನ ಗಂಟಲಲ್ಲಿ ಹುಟ್ಟುತ್ತಿತ್ತೇ ಹೊರತು ನಾಲಗೆಯವರೆಗೆ ಬಂದದ್ದು ಅಪರೂಪ. "ಬರುತ್ತೆ" ಅಂದುಬಿಟ್ಟ. ಜೀಪು ಹೋಯಿತು.

ಅವನ ಮುಖ ಹುಟ್ಟಿದಾಗಿನಿಂದ ಸುರಿಯಲೂ ಆಗದ, ಚದುರಲೂ ಆಗದ ಮೋಡದ ಹಾಗೆ. ಸಂಬಳದ ದಿನವೂ ಅದೇ ಮುಖ, ಹಲ್ಲು ಕೀಳಿಸಿಕೊಂಡ ದಿನವೂ ಅದೇ ಮುಖ. ಅದಕ್ಕೇ ಮೋಡಣ್ಣ. ಅಂಗಿಯ ಗುಂಡಿ ತಯಾರಿಸುವ ಕಾರ್ಖಾನೆಯಲ್ಲಿ ಚೊಕ್ಕ ಗುಂಡಿಯನ್ನೂ ಒಡಕು ಗುಂಡಿಯನ್ನೂ ಬೇರೆ ಮಾಡುವುದು ಅವನ ಕೆಲಸ. ಮೇಜಿನ ಮೇಲೆ ಗುಂಡಿಗಳ ರಾಶಿ ಸುರಿದರೆ ಸಾಕು, ಅಂಚು ಮುಕ್ಕಾದದ್ದನ್ನು, ತೂತು ವಾರೆಯಾದದ್ದನ್ನು ಅವನ ಬೆರಳುಗಳು ತಾವಾಗಿಯೇ ಮುಂದಕ್ಕೆ ತಳ್ಳುತ್ತಿದ್ದವು.

ಮೇಡಂ ಆ ಕಾರ್ಖಾನೆಯ ಮ್ಯಾನೇಜರ್. ಅವರಿಂದ ಒಂದು ಕಾಗದಕ್ಕಾಗಿ ಮೋಡಣ್ಣ ಎರಡು ವರ್ಷದಿಂದ ಕಾಯುತ್ತಿದ್ದ. ಅವನ ಹೆಂಡತಿ ಇದೇ ಕಂಪನಿಯ ಇನ್ನೊಂದು ಕಾರ್ಖಾನೆಯಲ್ಲಿ, ರೈಲು ಹತ್ತಿದರೆ ಮಾರನೇ ದಿನ ಮುಟ್ಟುವಷ್ಟು ದೂರದಲ್ಲಿ ಕೆಲಸಕ್ಕಿದ್ದಳು. ಮಗಳು ಅಲ್ಲೇ ಹುಟ್ಟಿ ಅಲ್ಲೇ ಮಾತು ಕಲಿತಳು. ಅವಳ ಪಾಲಿಗೆ ಅಪ್ಪ ಅಂದರೆ ಫೋನು. ಕಳೆದ ರಜೆಯಲ್ಲಿ ಮೋಡಣ್ಣ ಎತ್ತಿಕೊಳ್ಳಲು ಕೈಚಾಚಿದಾಗ ಮಗು ಫೋನನ್ನು ಎದೆಗೊತ್ತಿಕೊಂಡು, "ಅಮ್ಮಾ, ಯಾರೋ ಮಾಮ ಬಂದಿದ್ದಾರೆ, ಅಪ್ಪಂಗೆ ಹೇಳು" ಎಂದು ಅತ್ತಿತ್ತು. ಅಲ್ಲಿಗೆ ವರ್ಗ ಮಾಡಬೇಕಾದದ್ದು ಮುಖ್ಯ ಕಚೇರಿ. ಆದರೆ ಅದಕ್ಕೆ ಮೇಡಂ ತಮ್ಮ ಅಭಿಪ್ರಾಯ ಬರೆದು ಕಳಿಸಬೇಕು. ಕೇಳಿದಾಗಲೆಲ್ಲ ಮೇಡಂ "ನೋಡೋಣ" ಎನ್ನುತ್ತಿದ್ದರು.

"ಏನಪ್ಪ, ಜೂಜಾ?" ಯಜಮಾನಿ ಮೆಟ್ಟಿಲಿಳಿದು ಬಂದರು. "ನನ್ನ ಮನೇಲಿ ಇಸ್ಪೀಟು ಎಲೆ ಕಾಲಿಡೋ ಹಾಗಿಲ್ಲ, ಹೇಳಿದ್ದೀನಿ."

"ದುಡ್ಡಿಟ್ಟು ಆಡಲ್ವಂತೆ ಅಮ್ಮ. ಕಾರ್ಖಾನೇಲಿ ಬಿಸಾಡೋ ಗುಂಡಿ ಇಟ್ಟು ಆಡ್ತಾರಂತೆ."

"ಹಾಗಾದ್ರೆ ಸರಿ. ಬರುತ್ತಾ ನಿನಗೆ?"

"ಇಲ್ಲ."

"ಈಗ ಬಂತು ನೋಡು ಬಾಯಿಗೆ!" ಎಂದವರೇ ಅವನ ತೋಳು ಹಿಡಿದು ಎದುರಿನ ಕ್ಷೌರದಂಗಡಿಗೆ ಎಳೆದುಕೊಂಡು ಹೋದರು.

ಕ್ಷೌರದವನಿಗೆ ಬಾರದ ವಿದ್ಯೆಯಿಲ್ಲ. ಬಾರದಿದ್ದರೂ ಹೇಳಿಕೊಡಲು ಅಡ್ಡಿಯಿಲ್ಲ. ಕುರ್ಚಿಯಲ್ಲಿದ್ದ ಗಿರಾಕಿಯನ್ನು ಅರ್ಧ ಮುಖದ ನೊರೆಯ ಸಮೇತ ಹಾಗೇ ಬಿಟ್ಟು, ಕನ್ನಡಿಯ ಕೆಳಗಿನ ಹಲಗೆಯಿಂದ ಬಾಚಣಿಗೆಗಳನ್ನು ಸರಿಸಿ ಎಲೆ ಹರಡಿದ.

"ನೋಡು ಮೋಡಣ್ಣ. ನಿನಗೆ ಎರಡು ಎಲೆ. ಅದನ್ನ ಹೆಂಡ್ತಿಗೂ ತೋರಿಸಬಾರದು."

"ಎಲ್ಲಿದ್ದಾಳೆ ತೋರಿಸೋಕೆ?" ಮೋಡಣ್ಣ ನಿಟ್ಟುಸಿರುಬಿಟ್ಟ.

"ಮಧ್ಯೆ ಐದು ಎಲೆ. ಅದು ಊರ ಬಾವಿ ಇದ್ದ ಹಾಗೆ, ಎಲ್ಲರಿಗೂ ಸೇರಿದ್ದು. ಮೊದಲು ಮೂರು ಬಿಚ್ತಾರೆ, ಆಮೇಲೆ ಒಂದು, ಕೊನೆಗೊಂದು. ಬಿಚ್ಚಿದಾಗಲೆಲ್ಲ ಪಣ. ಅವರು ಹಾಕಿದಷ್ಟು ಹಾಕು, ಇಲ್ಲ ಏರಿಸು, ಇಲ್ಲ ಎಲೆ ಕವುಚಿ ಸುಮ್ಮನೆ ಕೂತ್ಕೋ. ನಿನ್ನ ಎರಡು, ಬಾವಿಯ ಐದು, ಏಳರಲ್ಲಿ ಒಳ್ಳೇ ಐದನ್ನ ಆರಿಸ್ಕೋಬೇಕು. ಜೋಡಿ ಇದ್ರೆ ಒಳ್ಳೇದು, ಎರಡು ಜೋಡಿ ಇನ್ನೂ ಒಳ್ಳೇದು, ಒಂದೇ ಥರದ ಮೂರು ಅದಕ್ಕಿಂತ ಮೇಲು. ಅದರ ಮೇಲೆ ಒಂದೇ ರಂಗಿನ ಐದು, ಅದರ ಮೇಲೆ ಸಾಲಾಗಿ ಬಂದ ಐದು..."

"ತಪ್ಪು," ಎಂದರು ಯಜಮಾನಿ. "ಸಾಲಿಗಿಂತ ರಂಗು ದೊಡ್ಡದು. ರಂಗಿಗಿಂತ ಮೂರರ ಗುಂಪೊಂದು ಜೋಡಿಯೊಂದು ದೊಡ್ಡದು. ಅದಕ್ಕೆ ಫುಲ್ ಹೌಸ್ ಅಂತಾರೆ."

ಗಂಡಸರು ಮೂವರೂ ತಿರುಗಿ ನೋಡಿದರು. ಯಜಮಾನಿ ಕನ್ನಡಕ ತೆಗೆದು ಒರೆಸತೊಡಗಿದರು. "ಯಾರೋ ಹೇಳ್ತಿದ್ರು. ಕಿವಿಗೆ ಬಿದ್ದಿತ್ತು."

ಮಧ್ಯಾಹ್ನದವರೆಗೂ ಪಾಠ ನಡೆಯಿತು. ಯಜಮಾನಿಯ ಕಿವಿಗೆ ಬಹಳವೇ ಬಿದ್ದಿತ್ತೆಂದು ಕಾಣುತ್ತದೆ. ಆಡಿದ ಆಟಗಳನ್ನೆಲ್ಲ ಅವರೇ ಗೆದ್ದರು. ನೊರೆ ಒಣಗಿ ಕೆನ್ನೆ ಬಿಗಿದುಕೊಂಡ ಗಿರಾಕಿ, "ಕೈಯಲ್ಲಿ ಏನೂ ಇಲ್ಲದಾಗಲೇ ಜೋರು ಮಾಡಬೇಕು ಕಣ್ರೀ, ಮದುವೆ ಮಾತುಕತೆ ಹಾಗೆ" ಎಂದ. ಮೋಡಣ್ಣ ಎಲ್ಲಕ್ಕೂ ತಲೆಯಾಡಿಸಿದ. ತಲೆಯೊಳಗೆ ಮಾತ್ರ ರಾಜ, ರಾಣಿ, ಗುಲಾಮರೆಲ್ಲ ಹೊರಡುವ ಹೊತ್ತಿನ ರೈಲಿನೊಳಗಿನ ಜನದ ಹಾಗೆ ಒಬ್ಬರನ್ನೊಬ್ಬರು ನೂಕುತ್ತಿದ್ದರು.

ಕೊನೆಗೆ ಯಜಮಾನಿ ಎಲೆಗಳನ್ನು ಒಟ್ಟುಮಾಡಿದರು. "ಇದೆಲ್ಲ ಇರಲಿ. ನೀನು ಗೆಲ್ಲೋಕೆ ಹೋಗಬೇಡ. ಮೇಲಿನವರ ಜೊತೆ ಆಡುವಾಗ ಸೋತು ಬರಬೇಕು. ಗೆದ್ದ ಖುಷೀಲಿ ಆಯಮ್ಮ ನಿನ್ನ ಕಾಗದ ಬರೀತಾಳೆ."

"ಸರಿಯಾಗಿ ಹೇಳಿದ್ರಿ," ಕ್ಷೌರದವ ಕತ್ತಿ ಮಸೆಯುತ್ತ ಎಂದ. "ಕೋರ್ಟಲ್ಲಿ ಗೆದ್ದೋನು ಸೋತ, ಸೋತೋನು ಸತ್ತ. ಇಲ್ಲಿ ಸೋತೋನೇ ಗೆದ್ದ."

"ಸೋಲೋದನ್ನ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ," ಎಂದ ಮೋಡಣ್ಣ. ಆ ದಿನ ಅವನು ಧೈರ್ಯವಾಗಿ ಆಡಿದ ಮಾತು ಅದೊಂದೇ.

ಮೇಡಂ ಮನೆಯ ದುಂಡು ಮೇಜಿನ ಸುತ್ತ ನಾಲ್ಕು ಕುರ್ಚಿ. ಒಂದರಲ್ಲಿ ಮೇಡಂ, ಇನ್ನೊಂದರಲ್ಲಿ ಅವರ ತಮ್ಮ, ಮತ್ತೊಂದರಲ್ಲಿ ಡ್ರೈವರ್. ಪ್ರತಿಯೊಬ್ಬರ ಮುಂದೆ ಒಂದು ಬಟ್ಟಲು ತುಂಬ ಗುಂಡಿ. ಎದುರಿಗೆ ಸೀಮೆಸುಣ್ಣದ ಗೆರೆ.

"ಗೆರೆ ದಾಟಿದ ಗುಂಡಿ ಪಣಕ್ಕೆ ಸೇರಿದ ಹಾಗೆ," ಮೇಡಂ ಹೇಳಿದರು. "ವಾಪಸ್ ತಗೊಳ್ಳೋ ಹಾಗಿಲ್ಲ. ಇಲ್ಲಿ ಮೇಡಂ ಗೀಡಂ ಇಲ್ಲ, ನಿಯಮ ಅಂದ್ರೆ ನಿಯಮ."

ಪ್ರತಿ ಆಟಕ್ಕೂ ಮೊದಲೇ ಎಲ್ಲರೂ ಒಂದಿಷ್ಟು ಗುಂಡಿ ಮಧ್ಯೆ ಹಾಕಬೇಕು. ಹಾಕಿದ ಮೇಲೆ ಎರಡೆರಡು ಎಲೆ ಬಂದವು. ಮೋಡಣ್ಣ ಬಟ್ಟಲನ್ನು ಮೇಜಿನ ಮೇಲೆ ಸುರಿದುಕೊಂಡ. ಅದೇ ತಪ್ಪಾಯಿತು. ಅಷ್ಟೂ ಕಾರ್ಖಾನೆ ತಳ್ಳಿದ ಮಾಲು. ಅಂಚು ಮುರಿದದ್ದು, ಸೀಳಿದ್ದು, ಮೂರೇ ತೂತಿನದು. ಅವನು ಎಲೆ ನೋಡುತ್ತಿದ್ದಂತೆ ಬೆರಳುಗಳು ತಮ್ಮ ಪಾಡಿಗೆ ಕೆಲಸಕ್ಕೆ ಇಳಿದವು. ಹೆಚ್ಚು ಕೆಟ್ಟವನ್ನೆಲ್ಲ ಹೆಕ್ಕಿ ಮುಂದಕ್ಕೆ ತಳ್ಳಿದವು. ಗುಂಡಿಗಳು ಗೆರೆ ದಾಟಿದವು.

"ಅಬ್ಬಾ! ಮೊದಲನೇ ಆಟಕ್ಕೇ ಇಷ್ಟೊಂದಾ?" ಡ್ರೈವರ್ ಅವನ ಮುಖ ನೋಡಿದ. ಎಂದಿನಂತೆ ಮೋಡ. ಒಳಗೆ ಸಿಡಿಲಿದೆಯೋ ಬರೀ ಹೊಗೆಯೋ ತಿಳಿಯಲಿಲ್ಲ. "ನನಗ್ಯಾಕಪ್ಪ" ಎಂದು ಎಲೆ ಕವುಚಿದ. ತಮ್ಮನೂ ಕವುಚಿದ. ಮೇಡಂ ಬಹಳ ಹೊತ್ತು ದಿಟ್ಟಿಸಿ, ತುಟಿ ಕಚ್ಚಿಕೊಂಡು ಕವುಚಿದರು.

ಪಣದ ರಾಶಿಯೆಲ್ಲ ಮೋಡಣ್ಣನ ಮುಂದೆ ಬಂತು. ರಾಶಿಯ ಜೊತೆ ಇನ್ನಷ್ಟು ಒಡಕು ಬಂತು. ಒಡಕು ಹೆಚ್ಚಿದಷ್ಟೂ ಬೆರಳು ಚುರುಕಾದವು. ಬೆರಳು ಚುರುಕಾದಷ್ಟೂ ಉಳಿದವರು ಎಲೆ ಕವುಚಿದರು. ಮೋಡಣ್ಣ ಬಲಗೈಯನ್ನು ತೊಡೆಯ ಕೆಳಗೆ ಹಾಕಿಕೊಂಡು ಕೂತ. ಎಡಗೈ ಆ ಕೆಲಸ ವಹಿಸಿಕೊಂಡಿತು. ಒಂದು ಸಲ "ಅಯ್ಯೋ, ಅದು ಪಣ ಅಲ್ಲ" ಎಂದು ಗುಂಡಿಗಳನ್ನು ಹಿಂದಕ್ಕೆ ಎಳೆಯಲು ಹೋದ. ಮೇಡಂ ಸ್ಕೇಲಿನಿಂದ ಗೆರೆಯ ಮೇಲೆ ತಟ್ಟಿದರು. ಕೈ ತಾನಾಗಿ ಹಿಂದೆ ಬಂತು, ಗುಂಡಿ ಅಲ್ಲೇ ಉಳಿಯಿತು.

"ಮೂರು ಹೊತ್ತೂ ಅಳುಮೋರೆ ಹಾಕ್ಕೊಂಡು ಒಳಗೆ ಇಂಥ ಹುಲಿ ಸಾಕಿದ್ದೀರಲ್ರೀ!" ಎಂದು ಡ್ರೈವರ್ ಖಾಲಿ ಬಟ್ಟಲು ತೋರಿಸಿ ಹಿಂದೆ ಸರಿದ. ತಮ್ಮ ಅದಕ್ಕೂ ಮೊದಲೇ ಸೋತು ಕಿಟಕಿಯ ಬಳಿ ನಿಂತಿದ್ದ.

ಉಳಿದವರು ಮೇಡಂ, ಮೋಡಣ್ಣ. ಮೇಡಂ ಮುಂದೆ ಅರ್ಧ ಬಟ್ಟಲು, ಮೋಡಣ್ಣನ ಮುಂದೆ ಬೆಟ್ಟ. ಅವನಿಗೆ ಬೆವರು ಕಿತ್ತುಕೊಂಡು ಬಂತು. ಮುಂದಿನ ಎಲೆ ಎತ್ತಿ ನೋಡಿದ. ಒಂದು ಏಳು, ಒಂದು ಎರಡು. ರಂಗೂ ಬೇರೆ ಬೇರೆ. ಇದಕ್ಕಿಂತ ದರಿದ್ರ ಎಲೆ ಕಟ್ಟಿನಲ್ಲೇ ಇಲ್ಲ ಎಂದು ಯಜಮಾನಿ ಹೇಳಿದ್ದರು. ಮೋಡಣ್ಣನಿಗೆ ಹೋದ ಜೀವ ಬಂತು.

ಮಧ್ಯೆ ಮೂರು ಎಲೆ ಬಿಚ್ಚಿದವು. ರಾಜ, ಒಂಬತ್ತು, ಏಳು. ಮೇಡಂ ಹುಬ್ಬು ಒಂದಿಷ್ಟು ಮೇಲೆ ಹೋಯಿತು. ಒಂದು ಹಿಡಿ ಗುಂಡಿ ಗೆರೆ ದಾಟಿಸಿದರು. ಅವರಲ್ಲಿ ದೊಡ್ಡದೇ ಇದೆ ಎಂದು ಮೋಡಣ್ಣನಿಗೂ ತಿಳಿಯಿತು. ಅವನು ಎರಡೂ ತೋಳುಗಳಿಂದ ಬಳಸಿ ಇಡೀ ಬೆಟ್ಟವನ್ನು ಮುಂದಕ್ಕೆ ತಳ್ಳಿದ. ಅಂದು ಅವನು ಬೇಕೆಂದೇ ಇಟ್ಟ ಪಣ ಅದೊಂದೇ.

"ಎಲ್ಲಾನಾ?" ಮೇಡಂ ಕೇಳಿದರು.

"ಎಲ್ಲಾ ಮೇಡಂ."

"ನೋಡೇಬಿಡೋಣ." ಮೇಡಂ ತಮ್ಮ ಬಟ್ಟಲನ್ನೂ ಗೆರೆಯಾಚೆ ಸುರಿದರು.

ನಾಲ್ಕನೆಯ ಎಲೆ ಎರಡು. ಐದನೆಯದು ಏಳು.

ಮೇಡಂ ತಮ್ಮ ಎಲೆಗಳನ್ನು ಮೆಲ್ಲಗೆ ಬಿಡಿಸಿಟ್ಟರು. ರಾಜ, ಒಂಬತ್ತು. "ಎರಡು ಜೋಡಿ."

"ಸೋತೆ ಮೇಡಂ!" ಮೋಡಣ್ಣ ಎಲೆ ಕವುಚಿ ದೂರ ನೂಕಿದ. ದನಿಯಲ್ಲಿ ಹಾಡು ಬರುವುದೊಂದು ಬಾಕಿ.

"ಎಲ್ಲಾ ಇಟ್ಟ ಮೇಲೆ ಎಲೆ ತೋರಿಸಲೇಬೇಕು. ನಿಯಮ."

ಡ್ರೈವರ್ ಮಗುಚಿ ತೋರಿಸಿದ. ಮೇಡಂ ಬೆರಳಿಟ್ಟು ಎಣಿಸಿದರು. "ಏಳು, ಏಳು, ಏಳು. ಎರಡು, ಎರಡು. ಫುಲ್ ಹೌಸ್."

"ಇಲ್ಲ ಮೇಡಂ, ನನ್ನ ಹತ್ತಿರ ಇರೋದು ಒಂದೇ ಏಳು, ಒಂದೇ ಎರಡು. ಉಳಿದದ್ದು ಬಾವಿದು..."

"ಯಾವ ಬಾವಿ?" ಎಂದರು ಮೇಡಂ.

ಮೇಡಂ ಎದ್ದು ಒಳಗೆ ಹೋಗಿ ಪೆನ್ನು, ಕಾಗದ, ಲಕೋಟೆ ತಂದರು. "ನಿಮ್ಮ ವರ್ಗದ ವಿಷಯ ಬಾಕಿ ಇತ್ತಲ್ಲ? ಈಗಲೇ ಬರೀತೀನಿ." ಪೆನ್ನು ಕಾಗದ ಹರಿದುಹೋಗುವಂತೆ ಓಡಿತು. ಮೋಡಣ್ಣ ನೋಡುತ್ತ ಕೂತ. ಸಿಟ್ಟು ಬಂದಿದೆ. ಸಿಟ್ಟು ಬಂದರೆ ಏನು ಮಾಡುತ್ತಾರೆ? ಕಣ್ಣೆದುರು ಇರಬೇಡ ಎಂದು ದೂರ ಅಟ್ಟುತ್ತಾರೆ. ಅಟ್ಟಲಿ! ಎಷ್ಟು ದೂರ ಅಟ್ಟಿದರೆ ಅಷ್ಟು ಒಳ್ಳೆಯದು. ಎದೆಯೊಳಗೆ ಆಗಲೇ ರೈಲು ಶಿಳ್ಳೆ ಹಾಕಿತು.

ಮೇಡಂ ಲಕೋಟೆ ಅಂಟಿಸಿ, ಸ್ಟಾಂಪು ಹಚ್ಚಿ ಅವನ ಕೈಗೆ ಕೊಟ್ಟರು. "ಹೋಗ್ತಾ ಡಬ್ಬಕ್ಕೆ ಹಾಕಿಬಿಡಿ. ಮುಂದಿನ ಶನಿವಾರ ನಾಲ್ಕಕ್ಕೇ ಬನ್ನಿ."

"ಮುಂದಿನ ಶನಿವಾರ... ಅಷ್ಟರಲ್ಲಿ ಹೊರಡೋ ತಯಾರಿ..."

"ಎಲ್ಲಿಗೆ? ಇವರನ್ನ ಬಿಟ್ಟುಕೊಡೋಕೆ ಆಗಲ್ಲ, ಇನ್ನು ಮುಂದೆ ಈ ವಿಷಯ ಕೇಳಲೂ ಬೇಡಿ ಅಂತ ಬರೆದಿದ್ದೀನಿ. ನನ್ನ ಬಟ್ಟಲು ಖಾಲಿ ಮಾಡಿ ರೈಲು ಹತ್ತಿಬಿಡೋದಾ? ಅಷ್ಟನ್ನೂ ವಾಪಸ್ ಗೆಲ್ಲೋ ತನಕ ನೀವು ಇಲ್ಲೇ."

"ಮುಂದಿನ ವಾರ ನಾನು ಸೋತುಬಿಡ್ತೀನಿ ಮೇಡಂ."

"ಬೇಕಂತ ಸೋಲೋರನ್ನ ಕಂಡ್ರೆ ನನಗಾಗಲ್ಲ," ಎಂದರು ಮೇಡಂ. ಬಾಗಿಲು ಮುಚ್ಚಿತು.

ಮೋಡಣ್ಣ ಬೀದಿಯುದ್ದಕ್ಕೂ ಕಾಲೆಳೆಯುತ್ತ ಬಂದ. 'ನೋಡೋಣ' ಎಂಬ ಮಾತಿನಲ್ಲಿ ಎಷ್ಟು ಸುಖವಿತ್ತೆಂದು ಅವನಿಗೆ ಈಗ ತಿಳಿಯಿತು. ಅಂಚೆ ಡಬ್ಬ ಕಂಡಿತು. ಈ ಕಾಗದ ಹೋಗದಿದ್ದರೆ? ಮೇಡಂ ಸಿಟ್ಟು ಇಳಿದೀತು. ಇನ್ನೊಂದು ಶನಿವಾರ ಬಂದೀತು. ಎರಡು ವರ್ಷ ನಿಂತಿದ್ದ ಕಾಗದ ಇನ್ನೆರಡು ತಿಂಗಳು ನಿಂತರೆ ಯಾರ ಗಂಟು ಹೋಗುತ್ತದೆ? ಲಕೋಟೆಯನ್ನು ಜೇಬಿಗೆ ತುರುಕಿ ಡಬ್ಬ ದಾಟಿ ಹೆಜ್ಜೆ ಹಾಕಿದ.

"ಏ ಮೋಡಣ್ಣ!" ಕ್ಷೌರದವ ಅಂಗಡಿಯಿಂದ ಓಡಿ ಬಂದ. ಹಿಂದೆಯೇ ಯಜಮಾನಿ. "ಏನಾಯ್ತು? ಕಾಗದ ಬರೆದ್ರಾ?"

"ಬರೆದ್ರು."

"ನಾನು ಹೇಳಲಿಲ್ವಾ?" ಯಜಮಾನಿ ಕೈತಟ್ಟಿದರು. "ಸೋಲು ಅಂದೆ, ಸೋತ. ಬರೀತಾಳೆ ಅಂದೆ, ಬರೆದಳು. ಎಲ್ಲಿ ಕಾಗದ? ಇದೇನು, ಜೇಬಲ್ಲೇ ಇದೆಯಲ್ಲ!"

"ನಾಳೆ ಹಾಕ್ತೀನಿ ಅಮ್ಮ..."

"ನಾಳೆಯಂತೆ ನಾಳೆ! ಎರಡು ವರ್ಷ ಸಾಲಲಿಲ್ವಾ ನಿನಗೆ? ಕೊಡಿಲ್ಲಿ, ನಾನೇ ಹಾಕ್ತೀನಿ."

ಯಜಮಾನಿ ಲಕೋಟೆಯನ್ನು ಸರಕ್ಕನೆ ಎಳೆದುಕೊಂಡರು. ಕ್ಷೌರದವ ಡಬ್ಬದ ಮುಚ್ಚಳ ಎತ್ತಿ ಹಿಡಿದ. ಮೋಡಣ್ಣ ಒಂದು ಹೆಜ್ಜೆ ಮುಂದಿಟ್ಟ. ಅಷ್ಟರಲ್ಲಿ ಕಾಗದ ಒಳಗೆ ಜಾರಿತು, ಮುಚ್ಚಳ ಟಪ್ಪೆಂದು ಬಿತ್ತು.

"ಇನ್ನಾದ್ರೂ ಒಂಚೂರು ನಗಪ್ಪ," ಕ್ಷೌರದವ ಅವನ ಬೆನ್ನು ಗುದ್ದಿದ.

"ಸುಮ್ನಿರೋ," ಎಂದರು ಯಜಮಾನಿ, ಡಬ್ಬವನ್ನು ಎರಡು ಸಲ ತಟ್ಟಿ ಕಾಗದ ತಳಕ್ಕೆ ಇಳಿಯಿತೆಂದು ಖಾತ್ರಿ ಮಾಡಿಕೊಳ್ಳುತ್ತ. "ಸಂತೋಷಕ್ಕೆ ಅಳ್ತಿದ್ದಾನೆ, ಅಳಲಿ ಬಿಡು."