ಉಪ್ಪುಗಾಳಿಯ ಸರಿಯಾದ ಧಾಟಿ

ಸಹೃದಯ ವಾಚಕ ಮಹಾಶಯರೇ, ಒಂದೇ ಹಾಡನ್ನು ನೂರು ಮಂದಿ ನೂರು ಬಗೆಯಲ್ಲಿ ಹಾಡಿದರೆ ಅದು ನೂರು ಹಾಡಾಗುವುದೋ, ಒಂದಾಗಿಯೇ ಉಳಿಯುವುದೋ ಎಂಬ ಗಹನವಾದ ಪ್ರಶ್ನೆಯನ್ನು ತಾವು ಎಂದಾದರೂ ಪರ್ಯಾಲೋಚಿಸಿರುವಿರಾ? ವೆರಾಕ್ರೂಸ್ ಬಂದರಿನಲ್ಲಿ ಕಾಫಿಬೀಜದ ಮೂಟೆಗಳನ್ನು ತೂಗಿಸುವ ಗುಮಾಸ್ತ ನಿಕಾನೋರ್ ಉತ್ರೇರಾ ಐವತ್ತೊಂದು ವರ್ಷ ಅದರ ಗೊಡವೆಯಿಲ್ಲದೆ ಸುಖವಾಗಿದ್ದ. ಒಂದು ಮಂಗಳವಾರ ಬೆಳಗ್ಗೆ ಆ ಸುಖಕ್ಕೆ ಸಂಚಕಾರ ಬಂತು.

ನೂಲು-ಗುಂಡಿ ಅಂಗಡಿಯ ವಿಧವೆ ಓರ್ತೆನ್ಸಿಯಾಳ ಮೇಲೆ ಅವನಿಗೆ ಮೂರು ವರ್ಷಗಳಿಂದ ಮನಸ್ಸಿತ್ತು. ಒಂದು ಪಲ್ಟಣಕ್ಕೆ ಸಾಲುವಷ್ಟು ಗುಂಡಿಗಳನ್ನು ಅವಳಿಂದ ಕೊಂಡಿದ್ದನಾದರೂ ಮಾತು ಮಾತ್ರ ಗಂಟಲಿನಿಂದ ಮೇಲೇರಿರಲಿಲ್ಲ. ಈಗ ಅವಳು ಅಂಗಡಿ ಮುಚ್ಚಿ, ಹಲಾಪಾದಲ್ಲಿರುವ ತಂಗಿಯ ಮನೆಗೆ ಶಾಶ್ವತವಾಗಿ ಹೊರಟಿದ್ದಳು. ಮಧ್ಯಾಹ್ನ ಎರಡಕ್ಕೆ ಬಸ್ಸು. ಹನ್ನೊಂದಕ್ಕೆ ಕಾಫಿಗೆ ಬರಲು ಒಪ್ಪಿದ್ದಳು. ಕೇಳಿದರೆ ಅಷ್ಟರೊಳಗೆ ಕೇಳಬೇಕು. ಇಲ್ಲವಾದರೆ ಗುಂಡಿಗಳೊಡನೆಯೇ ಮುದುಕನಾಗಬೇಕು.

ಆ ಊರಿನಲ್ಲಿ ಹೆಣ್ಣು ಕೇಳುವವನು ‘ಉಪ್ಪುಗಾಳಿ’ ಹಾಡಿಸದೆ ಬಾಯಿ ತೆರೆಯುವುದಿಲ್ಲ. ಆದರೆ ಹಿಂದಿನ ಸಂಜೆ ರೇಡಿಯೋದಲ್ಲಿ ಅದೇ ಹಾಡು ಬಂದಾಗ ಓರ್ತೆನ್ಸಿಯಾ ನೂಲಿನ ಉಂಡೆ ಸುತ್ತುತ್ತಾ, “ಎಷ್ಟು ಜನ ಹಾಡ್ತಾರೆ ಇದನ್ನ! ಸರಿಯಾಗಿ ಹಾಡಿದವರನ್ನ ಮಾತ್ರ ಎಷ್ಟೋ ವರ್ಷದಿಂದ ಕೇಳಿಲ್ಲ ನೋಡಿ” ಅಂದಿದ್ದಳು.

ಸರಿಯಾಗಿ ಎಂದರೆ ಹೇಗೆ? ಈ ಕುತೂಹಲದ ಹುಳು ರಾತ್ರಿಯೆಲ್ಲ ಕೊರೆದು, ಬೆಳಗ್ಗೆ ತಿಂಡಿಯ ಮೇಜಿನಲ್ಲಿ ಹೊರಬಿತ್ತು.

“ಹಾರ್ಪ್ ಕಣ್ರೀ ದೋನ್ ನಿಕಾನೋರ್, ಹಾರ್ಪ್!” ಎಂದಳು ಅವನು ಬಾಡಿಗೆಗಿದ್ದ ಮನೆಯ ಒಡತಿ, ಮದುವೆಯಾಗದ ದೋನ್ಯಾ ಕಾಂದೆಲಾರಿಯಾ, ಕಪ್ಪು ಹುರುಳಿಯ ಪಲ್ಯ ಬಡಿಸುತ್ತಾ. “ನಮ್ಮ ಕರಾವಳಿ ಹಾಡಿಗೆ ನಮ್ಮ ಕರಾವಳಿ ತಂತಿ. ಮಿಕ್ಕಿದ್ದೆಲ್ಲ ಡಬ್ಬ ಬಡಿದ ಹಾಗೆ.”

ಕ್ಷೌರದಂಗಡಿಯಲ್ಲಿ ಬೇರೆಯದೇ ತೀರ್ಪಾಯಿತು. ಕ್ಷೌರಿಕ ತೆಯೋದುಲೋ ಕತ್ತಿಯನ್ನು ಅವನ ಗಂಟಲಿನ ಮೇಲಿಟ್ಟು, “ಉತ್ತರದವರು ಅಕಾರ್ಡಿಯನ್ ಹಿಡಿದು ಹಾಡ್ತಾರಲ್ಲ, ಅದೇ ಸರಿ. ಅಲ್ಲ ಅಂತೀರಾ?” ಎಂದು ಕೇಳಿದ. ಅಂಥ ಸ್ಥಿತಿಯಲ್ಲಿ ಅಲ್ಲ ಎನ್ನುವ ಧೈರ್ಯ ಯಾರಿಗಿದೆ?

ಕಚೇರಿಯಲ್ಲಿ ಸಹೋದ್ಯೋಗಿ ಬಾಲ್ದೊಮೇರೋ ನಕ್ಕುಬಿಟ್ಟ. “ಅಕಾರ್ಡಿಯನ್ನಾ? ಹೆಣ್ಣು ಕೇಳೋಕೆ ಹೋಗ್ತಿದೀಯೋ, ಎತ್ತು ಹೊಡ್ಕೊಂಡು ಹೋಗ್ತಿದೀಯೋ? ಮರದ ಪಟ್ಟಿ ಬಡಿದು ನುಡಿಸೋ ಮರಿಂಬಾ ಮೇಲೆ ಕೇಳು ಮಾರಾಯ, ಕಲ್ಲೂ ಕರಗುತ್ತೆ. ಕ್ಯೂಬಾದವರು ಇದಕ್ಕೆ ಕುಣೀತಾರೆ. ಜಪಾನಿನಲ್ಲಿ ಒಬ್ಬಾಕೆ ಹಾಡಿದಾಳಂತೆ, ಒಂದಕ್ಷರ ಅರ್ಥ ಗೊತ್ತಿಲ್ದೆ ಗಳಗಳ ಅಳ್ತಾ!”

“ನಾನು ಮೂರು ಗಿಟಾರಿನವರಿಗೆ ಹೇಳಿಬಿಟ್ಟಿದೀನಪ್ಪ,” ಎಂದ ನಿಕಾನೋರ್ ದೀನನಾಗಿ. “ಹನ್ನೊಂದಕ್ಕೆ, ಗ್ರಾನ್ ಫಾರೋ ಕಾಫಿಖಾನೆಯಲ್ಲಿ. ನಾನು ಚಮಚದಿಂದ ಲೋಟ ತಟ್ಟಿದ ಕೂಡಲೆ ಶುರು ಮಾಡಿ ಅಂದಿದೀನಿ.”

ಇದನ್ನು ಅವನು ಬೆಳಗಿನಿಂದ ಮೂವರಿಗೂ ಹೇಳಿದ್ದ. ಮೂವರೂ ಪರೋಪಕಾರಿಗಳು. ಪಾಪದ ಮನುಷ್ಯ ತಪ್ಪು ಧಾಟಿಯಿಂದಾಗಿ ಹಾಳಾಗಬಾರದೆಂದು, ಒಬ್ಬರಿಗೊಬ್ಬರು ತಿಳಿಸದೆ, ತಮಗೆ ಸರಿಕಂಡ ಮೇಳಕ್ಕೆ ಅದೇ ಹೊತ್ತು, ಅದೇ ಸನ್ನೆ ಹೇಳಿ ಗೊತ್ತುಮಾಡಿದರು.

ಇನ್ನು ಆ ಸನ್ನೆಯ ವಿಚಾರ. ಗ್ರಾನ್ ಫಾರೋದಲ್ಲಿ ಮಾಣಿ ಮೊದಲು ಲೋಟದಲ್ಲಿ ಬರೀ ಡಿಕಾಕ್ಷನ್ ತಂದಿಡುತ್ತಾನೆ. ಗಿರಾಕಿ ಚಮಚದಿಂದ ಲೋಟವನ್ನು ಟಿಣ್ ಎನಿಸಿದರೆ, ಹಾಲಿನವನು ಕೆಟಲ್ ಹಿಡಿದು ಬಂದು ಮೊಳದೆತ್ತರದಿಂದ ಹಾಲು ಸುರಿಯುತ್ತಾನೆ. ಇನ್ನೂರು ಮೇಜು, ದಿನವಿಡೀ ಟಿಣ್ ಟಿಣ್. ಹೊರಗಿನಿಂದ ಬಂದವನಾದರೆ ಇದನ್ನು ಗಮನಿಸುತ್ತಿದ್ದ. ಅಲ್ಲಿಯೇ ಹುಟ್ಟಿ ಬೆಳೆದ ನಿಕಾನೋರನಿಗೆ ಆ ಸದ್ದು ತನ್ನ ಉಸಿರಿನ ಸದ್ದಿನಂತೆ ಕೇಳಿಸುವುದೇ ನಿಂತುಹೋಗಿತ್ತು.

ಓರ್ತೆನ್ಸಿಯಾ ಪ್ರಯಾಣದ ಉಡುಪಿನಲ್ಲಿ, ಕೈಚೀಲದೊಡನೆ ಬಂದು ಕುಳಿತಳು. ನಿಕಾನೋರ್ ಇನ್ನೂ ಚಮಚವನ್ನು ಮುಟ್ಟಿಯೇ ಇರಲಿಲ್ಲ. ಪಕ್ಕದ ಮೇಜಿನ ನಾವಿಕನೊಬ್ಬ ಟಿಣ್ ಎನಿಸಿದ, ಗಿಟಾರುಗಳು ಮಿಡಿದವು. ಮೂಲೆಯಲ್ಲಿ ಒಬ್ಬ ವಕೀಲ ಟಿಣ್ ಎನಿಸಿದ, ಮರಿಂಬಾ ಮಳೆಗರೆಯಿತು. ಬಾಗಿಲ ಬಳಿ ಯಾರದೋ ಅಜ್ಜಿ ಟಿಣ್ ಎನಿಸಿದಳು; ಅಕಾರ್ಡಿಯನ್ ಎತ್ತಿನ ಗಾಡಿಯಂತೆ ನುಗ್ಗಿತು. ಹಾರ್ಪಿನವನನ್ನು ಕಾಂದೆಲಾರಿಯಾ ತಾನೇ ಕರೆತಂದು, ಹಿಂದಿನ ಮೇಜಿನಲ್ಲಿ ಕುಳಿತಿದ್ದಳು. ಅವಳ ಲೋಟವೂ ಟಿಣ್ ಎಂದಿತು. ಒಂದೇ ಹಾಡು ನಾಲ್ಕು ತಾಳಗಳಲ್ಲಿ ಬೋನಿನೊಳಗೆ ಸಿಕ್ಕ ನಾಲ್ಕು ಬೆಕ್ಕುಗಳಂತೆ ಪರಚಾಡಿತು.

“ನಿಲ್ಲಿಸ್ರೀ!” ಎಂದು ನಿಕಾನೋರ್ ಕೂಗಿ, ಎಲ್ಲರೂ ಕೇಳಲೆಂದು ಲೋಟವನ್ನು ಟಿಣ್ ಟಿಣ್ ಟಿಣ್ ಎಂದು ಬಾರಿಸಿದ. ನಾಲ್ಕು ಮೇಳಗಳೂ ಮೊದಲಿನಿಂದ ಶುರುಮಾಡಿದವು.

ಓರ್ತೆನ್ಸಿಯಾ ಸಿಟ್ಟಾಗಲಿಲ್ಲ. ಕೆನ್ನೆಗೆ ಕೈಕೊಟ್ಟು, ಗುಂಡಿಗಳ ನಡುವೆ ಜೋಡಿ ಹುಡುಕುವವಳಂತೆ ಒಂದೊಂದನ್ನೂ ಆಲಿಸಿದಳು. ಗದ್ದಲ ಅಡಗಿದ ಮೇಲೆ, “ಇವು ಯಾವೂ ಅಲ್ಲ. ನಮ್ಮಪ್ಪ ಹಾಡ್ತಿದ್ದಿದ್ದು ಇನ್ನೂ ಉದ್ದ ಇತ್ತು. ಕೊನೇದು ನನಗೆ ಮರೆತೇಹೋಗಿದೆ,” ಎಂದಳು.

“ಮೂರು ಚರಣ ಇದೆ ಕಣಮ್ಮ,” ಎಂದ ಹಾಲು ಸುರಿಯುತ್ತಿದ್ದ ಮುದುಕ ಕ್ರಿಸ್ಪಿನ್. “ಮೊದಲ ಸಲ ರೆಕಾರ್ಡು ಮಾಡಿದಾಗ ತಟ್ಟೇಲಿ ಜಾಗ ಸಾಲದೆ ಕೊನೇದನ್ನ ಬಿಟ್ರು. ಆಮೇಲೆ ಹಾಡಿದೋರೆಲ್ಲ ಆ ತಟ್ಟೆ ಕೇಳಿ ಕಲಿತೋರು. ಆವಾಗಿನ ಪೂರ್ತಿ ಹಾಡು ನನಗೆ ಬರುತ್ತೆ.”

ನಿಕಾನೋರನಿಗೆ ಸಾಕ್ಷಾತ್ ದೇವರೇ ಕೆಟಲ್ ಹಿಡಿದು ಬಂದಂತಾಯಿತು. “ಹಾಡಿ ತಾತ! ಒಂದಕ್ಷರ ಬಿಡಬೇಡಿ. ನನ್ನ ಮನಸ್ಸಿನಲ್ಲಿರೋದೆಲ್ಲ ಅದರಲ್ಲಿದೆ!” ಎಂದು ಎದ್ದು ನಿಂತು ಸಾರಿದ.

ಕ್ರಿಸ್ಪಿನ್ ಕೆಟಲ್ ಕೆಳಗಿಟ್ಟು ಕಣ್ಣು ಮುಚ್ಚಿದ. ‘ಉಪ್ಪುಗಾಳಿ ಬೀಸುತ್ತಿರುವ ತನಕ ನಾನು ನಿನ್ನವನು’ ಎಂಬ ಎರಡು ಚರಣಗಳು ಮುಗಿಯುವ ಹೊತ್ತಿಗೆ ಓರ್ತೆನ್ಸಿಯಾಳ ಕಣ್ಣು ತುಂಬಿತ್ತು. “ಇದೇ ಧಾಟಿ, ಇದೇ!” ಎಂದು ಅವಳು ನಿಕಾನೋರನ ಕೈಹಿಡಿದಳು. ಮುದುಕ ಮೂರನೆಯದಕ್ಕೆ ಬಂದ:

‘ಗಾಳಿ ನಿಂತಿತು ಗೆಳತಿ, ಹಾಯಿ ಇಳಿಯಿತು,
ಇನ್ನೊಬ್ಬಳಿಗೆ ನಾನು ಮಾತು ಕೊಟ್ಟಾಯಿತು.
ಹೋಗು, ದಾರಿಗೆ ಒಳಿತಾಗಲಿ, ಕಾಯಬೇಡ ನನಗೆ.’

ಇನ್ನೂರು ಮೇಜುಗಳಲ್ಲಿ ಒಂದು ಚಮಚವೂ ಅಲುಗಲಿಲ್ಲ. ಓರ್ತೆನ್ಸಿಯಾ ಮೆಲ್ಲನೆ ಕೈ ಬಿಡಿಸಿಕೊಂಡಳು.

“ಎಂಥ ದೊಡ್ಡ ಮನುಷ್ಯರು ನೀವು! ಬೇರೆಯವರಾಗಿದ್ರೆ ಹೇಳದೆ ತಪ್ಪಿಸ್ಕೊಳ್ತಿದ್ರು. ನೀವು ನಾಲ್ಕು ಮೇಳ ತರಿಸಿ ಬೀಳ್ಕೊಟ್ರಿ. ಸುಖವಾಗಿರಿ. ಅವಳೂ ಸುಖವಾಗಿರ್ಲಿ,” ಎಂದು ಕೈಚೀಲವನ್ನೆತ್ತಿಕೊಂಡು ಹೊರಟೇಬಿಟ್ಟಳು.

“ದೋನ್ಯಾ ಓರ್ತೆನ್ಸಿಯಾ, ಅದು ನಾನಲ್ಲ, ಹಾಡು!” ಎಂದು ಬೆನ್ನಟ್ಟಲು ಹೋದವನನ್ನು ಜನ ಮುತ್ತಿಕೊಂಡರು.

“ಇನ್ನೊಬ್ಬಳು ಯಾರೋ ಕಳ್ಳ?” ಎಂದು, ತನ್ನ ಮರಿಂಬಾದವರ ಹಿಂದೆಯೇ ಬಂದಿದ್ದ ಬಾಲ್ದೊಮೇರೋ ಅಪ್ಪಿ ಹಿಡಿದ. “ನನ್ನ ಕತ್ತಿ ಕೆಳಗೂ ಬಾಯಿಬಿಡಲಿಲ್ಲವಲ್ಲ!” ಎಂದು, ಅಕಾರ್ಡಿಯನ್ನಿನವನ ಜೊತೆಗಿದ್ದ ತೆಯೋದುಲೋ ಬೆನ್ನು ತಟ್ಟಿದ.

ತನ್ನನ್ನು ಬಿಡಿಸುವವರು ಯಾರಾದರೂ ಇದ್ದಾರೆಯೇ ಎಂದು ನಿಕಾನೋರ್ ಸುತ್ತಲೂ ಕಣ್ಣಾಡಿಸಿದ. ಆ ಗುಂಪಿನಲ್ಲಿ ಅವನ ಕಣ್ಣು ನಿಂತದ್ದು ಹಾರ್ಪಿನ ಪಕ್ಕದಲ್ಲಿದ್ದ ಕಾಂದೆಲಾರಿಯಾಳ ಮೇಲೆ. ಅಷ್ಟು ಮಂದಿಯ ಕಣ್ಣುಗಳೂ ಅಲ್ಲಿಗೇ ಹೊರಳಿದವು.

“ಅಯ್ಯೋ, ಇಷ್ಟು ಜನರೆದುರಿಗಾ!” ಎಂದು ಆಕೆ ಬೀಸಣಿಗೆಯಿಂದ ಮುಖ ಮುಚ್ಚಿಕೊಂಡಳು. “ಒಂಬತ್ತು ವರ್ಷ ನನ್ನ ಮನೇಲಿ ಉಂಡ್ರಿ, ಒಂದು ಮಾತು ಮುಂಚೆ ಹೇಳ್ಬಾರ್ದಿತ್ತಾ?”

ನಾಲ್ಕು ಮೇಳಗಳೂ ಮೊತ್ತಮೊದಲ ಬಾರಿಗೆ ಒಂದೇ ತಾಳಕ್ಕೆ ಬಂದವು. ಎರಡರ ಬಸ್ಸು ಹೊರಟಾಗ ನಿಕಾನೋರ್ ಇನ್ನೂ ‘ಅಲ್ಲ’ ಎನ್ನುತ್ತಲೇ ಇದ್ದ. ಊರವರು ಅದನ್ನು ನಾಚಿಕೆಯೆಂದು ತಿಳಿದರು.

ಕಾಂದೆಲಾರಿಯಾಳ ಮನೆಯ ಹಿತ್ತಲ ಕೋಣೆಯಲ್ಲಿ ಬಾಡಿಗೆಗಿದ್ದ ನನಗೆ, ಸಂಜೆಯೊಳಗೆ ಅದನ್ನು ತೆರವು ಮಾಡಬೇಕೆಂದು ಅಪ್ಪಣೆಯಾಯಿತು. ತ್ಲಾಕೋತಾಲ್ಪಾನ್ ಊರಿನಿಂದ ಮದುವೆಗೆ ಹೆಣ್ಣಿನ ಕಡೆಯ ನೆಂಟರು ಬರುವವರಿದ್ದರಂತೆ. ಎರಡು ಅಂಗಿ, ಹಾಳೆ ಕಿತ್ತ ನಾಲ್ಕು ಕಾದಂಬರಿ, ಇಷ್ಟನ್ನು ಗಂಟು ಕಟ್ಟಿಕೊಂಡು ಬೀದಿಗಿಳಿದೆ. ಮೇಲಿನ ಕಿಟಕಿಯಿಂದ ಒಂದು ತಲೆ ಹೊರಬಂದು, “ಸ್ವಾಮೀ, ನನ್ನನ್ನೂ ಕರ್ಕೊಂಡು ಹೋಗ್ರೀ!” ಎಂದು ಪಿಸುಗುಟ್ಟಿತು. ಮದುಮಗನನ್ನು ಕದ್ದೊಯ್ದವನೆಂಬ ಅಪಖ್ಯಾತಿ ನನಗೇಕೆಂದು, ಗಂಟನ್ನು ಹೆಗಲಿಗೇರಿಸಿ ಹೆಜ್ಜೆಯನ್ನು ಚುರುಕುಗೊಳಿಸಿದೆ.